ಬೀದಿಯಿಂದ ತಂದ ಬೆಕ್ಕಿನ ಮರಿಗಳಿಗೆ ನಿಲ್ಲದ ಭೇದಿ: ಹಾಲು ಎಷ್ಟು ಕೊಡಬೇಕು, ಆಸ್ಪತ್ರೆಗೆ ಯಾವಾಗ ಹೋಗಬೇಕು?

ಕಾಮನಬಿಲ್ಲು (ವಿಜಯನಗರ):

ಎಲ್ಲರಿಗೂ ನಮಸ್ಕಾರ. ಕಳೆದ ವಾರದ ಮಳೆಗೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿದಾಗ, ಪಂಪಿನ ಹಿಂದಿನ ಮೂಲೆಯಲ್ಲಿ ಮೂರು ಬೆಕ್ಕಿನ ಮರಿಗಳು ಸಿಕ್ಕಿದವು. ತಾಯಿ ಬಂದು ಕರೆದೊಯ್ಯಬಹುದೆಂದು ಅವುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಲ್ಲೇ ಒಣಗಿದ ಕಟ್ಟೆಯ ಮೇಲಿರಿಸಿ ಕಾದೆವು. ಆದರೆ ತಾಯಿ ಬೆಕ್ಕು ಮುಖ್ಯರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತೆಂದು ಮರುದಿನ ಕಾವಲುಗಾರರಿಂದ ತಿಳಿಯಿತು. ಅಂದಿನಿಂದ ಮರಿಗಳು ನಮ್ಮ ಮನೆಯಲ್ಲಿವೆ.

ಆರಂಭದಲ್ಲಿ ಕಾವಲುಗಾರರ ಮನೆಯವರು ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಈಗ ಬೆಕ್ಕಿನ ಮರಿಗಳಿಗೆಂದೇ ಮಾರುವ ಹಾಲಿನ ಪುಡಿಯನ್ನು ತಂದು, ಸೂಜಿ ತೆಗೆದ ಸಿರಿಂಜಿನಿಂದ ದಿನಕ್ಕೆ ನಾಲ್ಕು ಸಲ, ಪ್ರತಿ ಮರಿಗೆ 20ರಿಂದ 25 ಮಿ.ಲೀ.ನಷ್ಟು ಕೊಡುತ್ತಿದ್ದೇವೆ. ಅಡುಗೆಮನೆಯ ತಕ್ಕಡಿಯಲ್ಲಿ ಇಂದು ಬೆಳಿಗ್ಗೆ ತೂಗಿದಾಗ ಎರಡು ಮರಿಗಳು 340 ಮತ್ತು 310 ಗ್ರಾಂ ಇದ್ದವು. ಮೂರನೆಯದಾದ ಬೂದು ಬಣ್ಣದ ಹೆಣ್ಣುಮರಿ 265 ಗ್ರಾಂ ಮಾತ್ರ ಇದೆ.

ಸಮಸ್ಯೆಯೆಂದರೆ ಮೂರಕ್ಕೂ ಭೇದಿ. ದೊಡ್ಡ ಎರಡರ ಮಲ ಹಳದಿಯಾಗಿದ್ದು ತೆಳ್ಳಗಿದೆ. ಬೂದು ಮರಿಯದು ಮಾತ್ರ ಹಸಿರು ಬಣ್ಣದ ನೀರಿನಂತೆ ಹೋಗುತ್ತಿದ್ದು, ಬಾಲದ ಬುಡದ ಕೂದಲು ಅಂಟಿಕೊಂಡು ಅಲ್ಲಿನ ಚರ್ಮ ಕೆಂಪಾಗಿದೆ. ಹಾಲು ಕುಡಿದ ಮೇಲೆ ಅದರ ಹೊಟ್ಟೆ ಉಬ್ಬಿ ಬಿಗಿಯಾಗುತ್ತದೆ, ಆದರೆ ಬೆನ್ನಿನ ಮೇಲೆ ಬೆರಳಾಡಿಸಿದರೆ ಮೂಳೆ ಮೂಳೆಯೂ ಕೈಗೆ ಸಿಗುತ್ತದೆ. ವಾಂತಿ ಆಗಿಲ್ಲ. ಹಸಿವೆಯಾದಾಗ ಮೂರೂ ಜೋರಾಗಿಯೇ ಕೂಗುತ್ತವೆ.

ಈ ಭೇದಿ ಹಾಲಿನಿಂದ ಆಗುತ್ತಿದೆಯೋ, ಹೊಟ್ಟೆಹುಳುವಿನಿಂದಲೋ, ಬೇರೆ ರೋಗವೋ ಎಂದು ಮನೆಯಲ್ಲಿಯೇ ತಿಳಿಯಲು ಸಾಧ್ಯವಿದೆಯೇ? ನೆರೆಯವರೊಬ್ಬರು ಮನುಷ್ಯರ ಭೇದಿ ಮಾತ್ರೆಯನ್ನು ಕಾಲು ಭಾಗ ಮಾಡಿ ಕೊಡಿ ಎನ್ನುತ್ತಿದ್ದಾರೆ; ನನಗೆ ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ತುಳಸಿಕಟ್ಟೆ (ಮಲ್ಲೇಶ್ವರ):

ಮರಿಗಳನ್ನು ಮನೆಗೆ ತಂದು ನೋಡಿಕೊಳ್ಳುತ್ತಿರುವುದಕ್ಕೆ ನಿಮಗೂ ನಿಮ್ಮ ಮನೆಯವರಿಗೂ ಒಳ್ಳೆಯದಾಗಲಿ. ಮಾತ್ರೆಯನ್ನು ಖಂಡಿತ ಕೊಡಬೇಡಿ. ನಮ್ಮ ಮನೆಯಲ್ಲಿ ನಮ್ಮ ಅತ್ತೆಯವರ ಕಾಲದಿಂದಲೂ ಬೆಕ್ಕುಗಳಿವೆ. ಮರಿಗೆ ಹೊಟ್ಟೆ ಕೆಟ್ಟರೆ ಒಂದು ದಿನ ಪೂರ್ತಿ ಹಾಲು ನಿಲ್ಲಿಸಿ, ಎರಡು ಮೂರು ಹನಿ ಓಮದ ನೀರನ್ನು ಹಾಕಿ, ಮರುದಿನ ಮೆತ್ತಗೆ ಕಿವುಚಿದ ಮೊಸರನ್ನವನ್ನು ಸ್ವಲ್ಪ ನೆಕ್ಕಿಸುವುದು ನಮ್ಮಲ್ಲಿ ರೂಢಿ. ಹೊಟ್ಟೆಗೆ ವಿಶ್ರಾಂತಿ ಸಿಕ್ಕರೆ ಭೇದಿ ತಾನಾಗಿಯೇ ನಿಲ್ಲುತ್ತದೆ. ಎಳನೀರನ್ನೂ ಚಮಚದಲ್ಲಿ ಕೊಡಬಹುದು. ಬೂದು ಮರಿಯನ್ನು ಬೇರೆಯಾಗಿಟ್ಟು ನೋಡಿಕೊಂಡರೆ ಉಳಿದವುಗಳು ಅದರ ಪಾಲಿನ ಹಾಲನ್ನು ಕಸಿದುಕೊಳ್ಳುವುದು ತಪ್ಪುತ್ತದೆ.

ಹಿತ್ತಲಗಿಡ (ಬಸವನಗುಡಿ):

ತಾಯಿಯಿಲ್ಲದ ಮರಿಗಳನ್ನು ಸಾಕಿ ಬೇರೆ ಮನೆಗಳಿಗೆ ದತ್ತು ಕೊಡುವ ಕೆಲಸವನ್ನು ನಾನು ಬಹಳ ಕಾಲದಿಂದ ಮಾಡುತ್ತಿರುವುದರಿಂದ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ತುಳಸಿಕಟ್ಟೆಯವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಬೂದು ಮರಿಯನ್ನು ಬೇರೆಯಾಗಿಡಬೇಕೆಂಬ ಅವರ ಸಲಹೆಯೂ ಸರಿ. ಆದರೆ ಇಡೀ ದಿನ ಉಪವಾಸ ಕೆಡವುವುದನ್ನು ಮಾತ್ರ ಇಷ್ಟು ಚಿಕ್ಕ ಮರಿಗಳಲ್ಲಿ ಯಾವ ಕಾರಣಕ್ಕೂ ಮಾಡಬಾರದು. ದೊಡ್ಡ ಬೆಕ್ಕಿನ ದೇಹದಲ್ಲಿ ಒಂದು ಹೊತ್ತು ತಡೆದುಕೊಳ್ಳುವಷ್ಟು ಸಂಗ್ರಹವಿರುತ್ತದೆ. ಕಾಲು ಕಿಲೋ ತೂಗುವ ಮರಿಯ ಯಕೃತ್ತಿನಲ್ಲಿ ಅಂಥದ್ದೇನೂ ಇರುವುದಿಲ್ಲವಾದ್ದರಿಂದ, ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಇಳಿದು ಮರಿ ಜೋತುಬೀಳುತ್ತದೆ. ಅನೇಕ ಮರಿಗಳು ಭೇದಿಯಿಂದಲ್ಲ, ಭೇದಿಯೆಂದು ಹಾಲು ನಿಲ್ಲಿಸಿದ್ದರಿಂದ ಸಾಯುತ್ತವೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮೈಯ ಶಾಖ. ಹಾಲಿನ ಲೆಕ್ಕ, ಔಷಧದ ಲೆಕ್ಕ ಎರಡೂ ಅದರ ನಂತರ. ನಿಮ್ಮ ಕಿರುಬೆರಳನ್ನು ಮರಿಯ ಬಾಯೊಳಗೆ ಇಟ್ಟು ನೋಡಿ. ಒಳಭಾಗ ತಣ್ಣಗೆನಿಸಿದರೆ ಆ ಹೊತ್ತಿಗೆ ಹಾಲು ಕೊಡಬೇಡಿ. ಮೈಯ ಶಾಖ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಹುಳಿತು ಉಬ್ಬರವಾಗುತ್ತದೆ ಅಥವಾ ಹಿಂದಕ್ಕೆ ಬಂದು ಶ್ವಾಸಕೋಶ ಸೇರುತ್ತದೆ. ಮಳೆಗಾಲದಲ್ಲಿ ಬೆಂಗಳೂರಿನ ರಾತ್ರಿ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಮಗೆ ಅದು ಹಿತವಾದ ತಂಪು, ಒದ್ದೆಯಾದ ಮರಿಗೆ ಅದು ಸಾಕಷ್ಟು ಚಳಿ. ಬಿಸಿನೀರಿನ ಚೀಲಕ್ಕೆ ಎರಡು ಪದರ ಹಳೆಯ ಹತ್ತಿ ಸೀರೆಯನ್ನು ಸುತ್ತಿ ಪೆಟ್ಟಿಗೆಯ ಅರ್ಧ ಭಾಗದಲ್ಲಿ ಮಾತ್ರ ಇಡಿ. ಇನ್ನರ್ಧ ಖಾಲಿ ಇದ್ದರೆ ಸೆಕೆಯಾದ ಮರಿ ತಾನೇ ಆ ಕಡೆಗೆ ಸರಿದುಕೊಳ್ಳುತ್ತದೆ.

ಇನ್ನು ಹಾಲಿನ ಅಳತೆ. ನೀವು ಕೊಟ್ಟಿರುವ ಅಂಕಿಗಳನ್ನು ನೋಡಿದರೆ, ನಿಮ್ಮ ಸಮಸ್ಯೆಯ ಒಂದು ಭಾಗ ಇಲ್ಲಿಯೇ ಇದೆ ಎಂದು ನನಗನಿಸುತ್ತದೆ. ಈ ವಯಸ್ಸಿನ ಮರಿಗೆ ದಿನಕ್ಕೆ 100 ಗ್ರಾಂ ತೂಕಕ್ಕೆ ಸುಮಾರು 20 ಕಿಲೋಕ್ಯಾಲೊರಿ ಬೇಕು. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕದಡಿದ ಮರಿಹಾಲಿನ 1 ಮಿ.ಲೀ.ನಲ್ಲಿ ಹೆಚ್ಚುಕಡಿಮೆ 1 ಕಿಲೋಕ್ಯಾಲೊರಿ ಇರುತ್ತದೆ. ನಿಖರವಾದ ಅಂಕಿ ಡಬ್ಬಿಯ ಮೇಲೆಯೇ ಇದ್ದರೆ ಅದನ್ನೇ ಹಿಡಿಯಿರಿ. ಹೀಗೆ ಲೆಕ್ಕ ಹಾಕಿದರೆ ಬೂದು ಮರಿಗೆ ಇಡೀ ದಿನಕ್ಕೆ ಬೇಕಾದದ್ದು 53 ಮಿ.ಲೀ. ಮಾತ್ರ. ಅದರ ಹೊಟ್ಟೆ ಒಂದು ಸಲಕ್ಕೆ ಸುಖವಾಗಿ ಹಿಡಿಯುವುದು 100 ಗ್ರಾಂ ತೂಕಕ್ಕೆ ಸುಮಾರು 4 ಮಿ.ಲೀ., ಅಂದರೆ 10 ಅಥವಾ 11 ಮಿ.ಲೀ. ನೀವು ಪ್ರತಿ ಸಲವೂ ಅದರ ಎರಡರಷ್ಟನ್ನು ಕೊಡುತ್ತಿದ್ದೀರಿ. ಜೀರ್ಣವಾಗದೆ ಉಳಿದ ಹಾಲು ಕರುಳಿನಲ್ಲಿ ಕೊಳೆತು ನೀರನ್ನು ಸೆಳೆದುಕೊಳ್ಳುತ್ತದೆ. ಮಲ ಬೇಗ ಬೇಗ ಹೊರಬೀಳುವಾಗ ಪಿತ್ತದ ಹಸಿರು ಬಣ್ಣ ಮಾಯವಾಗಲು ಸಮಯ ಸಿಗದೆ ಹಸಿರಾಗಿಯೇ ಬರುತ್ತದೆ. ಬೂದು ಮರಿಗೆ 10 ಮಿ.ಲೀ., 310 ಗ್ರಾಂನದಕ್ಕೆ 12, ದೊಡ್ಡದಕ್ಕೆ 13 ಮಿ.ಲೀ.ನಂತೆ ದಿನಕ್ಕೆ ಐದು ಸಲ, ರಾತ್ರಿಯೂ ಒಂದು ಸಲ ಸೇರಿಸಿ ಕೊಡಿ. ಮೊದಲ ಒಂದು ದಿನ ಮರಿಗಳು ಇನ್ನೂ ಬೇಕೆಂದು ಕೂಗುತ್ತವೆ. ಅಷ್ಟು ಹೊತ್ತು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಪ್ಯಾಕೆಟ್ ಹಾಲು ಯಾಕೆ ಆಗುವುದಿಲ್ಲ ಎಂಬುದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, ಅದಕ್ಕೇ ಭೇದಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ತಾಯಿ ಬೆಕ್ಕಿನ ಹಾಲಿನಲ್ಲಿಯೂ ಶೇ. 4ರಷ್ಟು ಲ್ಯಾಕ್ಟೋಸ್ ಇರುತ್ತದೆ. ನಿಜವಾದ ತೊಂದರೆಯೆಂದರೆ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಮರಿಗೆ ತೀರ ತೆಳು. 100 ಮಿ.ಲೀ.ನಲ್ಲಿ 60 ಕಿಲೋಕ್ಯಾಲೊರಿಯೂ ಸಿಗದ ಆ ಹಾಲಿನಿಂದ 53 ಕಿಲೋಕ್ಯಾಲೊರಿ ಪಡೆಯಬೇಕಾದರೆ ಬೂದು ಮರಿ 90 ಮಿ.ಲೀ. ಕುಡಿಯಬೇಕು. ಆಗ ಒಳಗೆ ಹೋಗುವ ಲ್ಯಾಕ್ಟೋಸ್ ತಾಯಿಯ ಹಾಲಿನಿಂದ ಬರುವುದರ ಎರಡರಷ್ಟಾಗುತ್ತದೆ. ಪ್ರೊಟೀನ್ ಮಾತ್ರ ಬೆಕ್ಕಿನ ಹಾಲಿನಿಂದ ಸಿಗುವುದಕ್ಕಿಂತ ಕಡಿಮೆಯೇ ದೊರೆಯುತ್ತದೆ, ಬೆಕ್ಕಿನ ಕಣ್ಣು ಮತ್ತು ಹೃದಯಕ್ಕೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ಕೂಡ ತೀರ ಕಡಿಮೆ. ಅದಕ್ಕೆ ನೀರು ಬೆರೆಸಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಮೇಕೆಯ ಹಾಲೂ ಈ ವಿಷಯದಲ್ಲಿ ಹೆಚ್ಚೇನೂ ಬೇರೆಯಲ್ಲ. ಮೊಸರನ್ನದಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾದರೂ ಹೊಟ್ಟೆ ತುಂಬಿಸುವುದು ಅನ್ನವೇ. ಮಾಂಸಾಹಾರಿ ಪ್ರಾಣಿಯ ಮರಿ ಅದರಿಂದ ಬೆಳೆಯಲಾರದು. ಮೊಸರನ್ನ ತಿಂದು ಬೆಳೆದ ಹಳೆಯ ಕಾಲದ ಬೆಕ್ಕುಗಳು ಹಿತ್ತಿಲಲ್ಲಿ ಇಲಿ, ಹಲ್ಲಿ, ಹಕ್ಕಿಗಳನ್ನೂ ಹಿಡಿದು ತಿನ್ನುತ್ತಿದ್ದವು ಎಂಬುದನ್ನು ನಾವು ಮರೆಯುತ್ತೇವೆ.

ಕುಡಿಸುವ ಭಂಗಿಯ ಬಗ್ಗೆ ನೀವು ಬರೆದಿಲ್ಲ. ಒಳಲೆಯಲ್ಲಿ ಕುಡಿಸುವಾಗ ಮಗುವನ್ನು ಮಲಗಿಸಿಕೊಂಡಂತೆ ಮರಿಯನ್ನು ಅಂಗಾತ ಹಿಡಿಯುವುದು ನಮ್ಮವರಿಗೆ ಸಹಜವಾಗಿ ಬಂದುಬಿಡುತ್ತದೆ. ಹಾಗೆ ಹಿಡಿದರೆ ಹಾಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಟವೆಲಿನ ಮೇಲೆ ಮರಿಯನ್ನು ಹೊಟ್ಟೆಯಡಿಯಾಗಿ, ಮುಂಗಾಲು ಊರಿ ಕುಳಿತಂತೆ ಇಟ್ಟು, ತಲೆಯನ್ನು ಹಿಂದಕ್ಕೆ ಬಾಗಿಸದೆ, ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ತೂರಿಸಿ, ಅದು ನುಂಗಿದಂತೆ ಒಂದೊಂದೇ ಹನಿ ಬಿಡಿ. ಮೂಗಿನಲ್ಲಿ ಹಾಲು ಕಂಡರೆ ತಕ್ಷಣ ನಿಲ್ಲಿಸಿ ಮುಖವನ್ನು ಕೆಳಗೆ ಮಾಡಿ ಒರೆಸಿ. ಹಾಲಿನ ಪುಡಿಯನ್ನು, ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ಮಣಿಕಟ್ಟಿನ ಮೇಲೆ ಹಾಕಿಕೊಂಡರೆ ಉಗುರುಬೆಚ್ಚಗೆ ತಾಗಬೇಕು. ಕುಡಿದು ಉಳಿದದ್ದನ್ನು ಮತ್ತೆ ಬಿಸಿ ಮಾಡಿ ಕೊಡದೆ ಚೆಲ್ಲಿಬಿಡಿ.

ಹಲ್ಲುಗಳನ್ನೂ ಒಮ್ಮೆ ನೋಡಿ ತಿಳಿಸಿ. ಮುಂದಿನ ಸಣ್ಣ ಬಾಚಿಹಲ್ಲುಗಳು ಮೂರನೆಯ ವಾರದ ಹೊತ್ತಿಗೆ ಒಡೆಯುತ್ತವೆ, ಕೋರೆಹಲ್ಲುಗಳು ನಾಲ್ಕನೆಯ ವಾರದೊಳಗೆ ಕಾಣುತ್ತವೆ, ದವಡೆಯ ಹಲ್ಲುಗಳು ಬರುವುದು ಐದಾರು ವಾರಕ್ಕೆ. ಬೀದಿಯ ಮರಿಗಳಲ್ಲಿ ತೂಕ ನೋಡಿ ವಯಸ್ಸು ಹೇಳಿದರೆ ತಪ್ಪುತ್ತದೆ. ಹೊಟ್ಟೆಗಿಲ್ಲದೆ ಸೊರಗಿದ ಐದು ವಾರದ ಮರಿಯೂ 300 ಗ್ರಾಂ ತೂಗಬಹುದು.

ಪಶುವೈದ್ಯೆ (ಸಂಜಯನಗರ):

ನಾನು ಸಣ್ಣ ಪ್ರಾಣಿಗಳ ಚಿಕಿತ್ಸೆಯಲ್ಲಿ ತೊಡಗಿರುವವಳು. ಹಿತ್ತಲಗಿಡದವರು ಬರೆದಿರುವ ಅಳತೆ ಮತ್ತು ಭಂಗಿಯ ವಿವರಗಳೆಲ್ಲ ಸರಿಯಾಗಿವೆ. ಅಳತೆ ತಿದ್ದಿದ ಮೇಲೆ ಒಂದು ದಿನದಲ್ಲಿ ದೊಡ್ಡ ಎರಡು ಮರಿಗಳ ಮಲ ಗಟ್ಟಿಯಾಗತೊಡಗಬೇಕು. ಹಾಲು ಮಾತ್ರ ಕುಡಿಯುವ ಆರೋಗ್ಯವಂತ ಮರಿಯ ಮಲ ರುಬ್ಬಿದ ಸಾಸಿವೆಯಂತೆ ಹಳದಿಯಾಗಿ, ಮೆತ್ತಗಿದ್ದರೂ ಆಕಾರ ಹಿಡಿದು ಬರುತ್ತದೆ. ಆದರೆ ಬೂದು ಮರಿಯ ವಿಷಯದಲ್ಲಿ ನಾನು ಕಾಯುವುದಿಲ್ಲ. ಹೊಟ್ಟೆ ಉಬ್ಬಿ, ಬೆನ್ನಿನ ಮೂಳೆ ಎದ್ದು, ತೂಕ ಒಡಹುಟ್ಟಿದವುಗಳಿಗಿಂತ ಹಿಂದೆ ಬಿದ್ದಿರುವ ಬೀದಿ ಮರಿಯಲ್ಲಿ ಹೊಟ್ಟೆಹುಳು ಇರುವ ಸಂಭವವೇ ಹೆಚ್ಚು.

ದುಂಡುಹುಳು ಬೆಕ್ಕಿನ ಮರಿಗೆ ತಾಯಿಯ ಹಾಲಿನ ಮೂಲಕವೇ ಬರುತ್ತದೆ. ಆದ್ದರಿಂದ ಮರಿ ಮಣ್ಣು ಮುಟ್ಟಿಲ್ಲ, ಹೊರಗೆ ಹೋಗಿಲ್ಲ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಪೈರಾಂಟೆಲ್ ಎಂಬ ದ್ರವ ಔಷಧವನ್ನು ಎರಡು ವಾರದ ಮರಿಯಿಂದಲೇ ಕೊಡಬಹುದಾಗಿದ್ದು, ಎರಡು ವಾರಕ್ಕೊಮ್ಮೆ ಮರುಕಳಿಸಬೇಕು, ಏಕೆಂದರೆ ಅದು ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುತ್ತದೆಯೇ ಹೊರತು ದೇಹದಲ್ಲಿ ಸಂಚರಿಸುತ್ತಿರುವ ಮರಿಹುಳುಗಳನ್ನಲ್ಲ. ಪ್ರಮಾಣವನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದೇ ಔಷಧ ಬೇರೆ ಬೇರೆ ಸಾಂದ್ರತೆಯಲ್ಲಿ ಅಂಗಡಿಗೆ ಬರುತ್ತದೆ, ಮಕ್ಕಳ ಸಿರಪ್ಪಿನಲ್ಲಿ ಇನ್ನೊಂದು ಔಷಧವೂ ಬೆರೆತಿರಬಹುದು. ಅಂದಿನ ತೂಕವನ್ನು ಹಿಡಿದು ನಿಮ್ಮ ವೈದ್ಯರೇ ಅಳೆದುಕೊಡಲಿ.

ಹುಳುವಿನ ಔಷಧದಿಂದ ನಿಲ್ಲದ ಭೇದಿಗೆ ಕಾಕ್ಸಿಡಿಯಾ ಮತ್ತು ಜಿಯಾರ್ಡಿಯಾ ಎಂಬ ಏಕಕೋಶ ಜೀವಿಗಳು ಕಾರಣವಾಗಿರಬಹುದು. ಇವು ಕಣ್ಣಿಗೆ ಕಾಣುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು, ಮತ್ತು ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಆಗುವುದಿಲ್ಲ. ಹೀಗಾಗಿ ಮನೆಯಲ್ಲಿ ಕಾರಣವನ್ನು ಊಹಿಸಬಹುದು, ಖಚಿತಪಡಿಸಿಕೊಳ್ಳಲಾಗದು. ಆಸ್ಪತ್ರೆಗೆ ಬರುವಾಗ ಕಡಲೆಕಾಳಿನಷ್ಟು ಹೊಸ ಮಲವನ್ನು ಶುಚಿಯಾದ ಮುಚ್ಚಳದ ಡಬ್ಬಿಯಲ್ಲಿ ತನ್ನಿ. ಕೂಡಲೇ ಹೊರಡಲಾಗದಿದ್ದರೆ ಅದನ್ನು ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಿ ಬೇಡ. ಜಿಯಾರ್ಡಿಯಾ ಪ್ರತಿ ಸಲದ ಮಲದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಬೇರೆ ಬೇರೆ ದಿನದ ಮಾದರಿಯನ್ನು ಕೇಳಿದರೆ ಬೇಸರಿಸಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಪ್ಯಾನ್‌ಲ್ಯೂಕೋಪೀನಿಯಾ, ಅಂದರೆ ಬೆಕ್ಕಿನ ಪಾರ್ವೋ ಎಂಬ ವೈರಸ್ ರೋಗ. ಅದರಲ್ಲಿ ಭೇದಿಗಿಂತ ಮೊದಲೇ ಮರಿ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕುಳಿತಿರುತ್ತದೆ ಆದರೆ ಕುಡಿಯುವುದಿಲ್ಲ. ನಾಯಿಗಳ ಪಾರ್ವೋ ಪತ್ತೆಗೆ ಬಳಸುವ ಕಿಟ್ಟಿನಲ್ಲಿಯೇ ಬೆಕ್ಕಿನ ಮಲವನ್ನೂ ಪರೀಕ್ಷಿಸಬಹುದು. ಆದರೆ ಪಾರ್ವೋ ಇಲ್ಲ ಎಂಬ ಫಲಿತಾಂಶ ಬಂದಾಕ್ಷಣ ರೋಗವಿಲ್ಲವೆಂದು ಭಾವಿಸದೆ ರಕ್ತದ ಬಿಳಿಕಣಗಳ ಎಣಿಕೆಯನ್ನೂ ನೋಡುತ್ತೇವೆ. ನಿಮ್ಮ ಮರಿಗಳು ಹಸಿವಿನಿಂದ ಜೋರಾಗಿ ಕೂಗುತ್ತಿವೆ ಎಂಬ ಒಂದು ವಾಕ್ಯ ನನಗೆ ಬಹಳ ಸಮಾಧಾನ ತಂದಿತು.

ದೇಹದ ನೀರಿನಂಶ ಕಡಿಮೆಯಾಗಿದೆಯೇ ಎಂದು ತಿಳಿಯಲು ಚರ್ಮವನ್ನು ಎತ್ತಿ ಬಿಟ್ಟು ನೋಡುವ ಪರೀಕ್ಷೆ ಇಷ್ಟು ಚಿಕ್ಕ ಮರಿಗಳಲ್ಲಿ ನಂಬಿಕೆಗೆ ಅರ್ಹವಲ್ಲ. ಅದರ ಬದಲು ವಸಡನ್ನು ಮುಟ್ಟಿ ನೋಡಿ. ಅದು ಒದ್ದೆಯಾಗಿ, ಗುಲಾಬಿ ಬಣ್ಣದಲ್ಲಿರಬೇಕು. ಒಣಗಿ ಬೆರಳಿಗೆ ಅಂಟಿದರೆ ನೀರಿನಂಶ ಕಡಿಮೆಯಾಗಿದೆ. ಚಿಕ್ಕ ಮರಿಯ ಮೂತ್ರ ಬಹುತೇಕ ಬಣ್ಣವಿಲ್ಲದಂತಿರಬೇಕು, ಬಿಳಿ ಹತ್ತಿಯ ಮೇಲೆ ಗಾಢ ಹಳದಿ ಕಂಡರೆ ಅದೂ ಎಚ್ಚರಿಕೆಯೇ. ವಸಡು ಬಿಳಿಚಿದರೆ, ಮೈ ತಣ್ಣಗಾದರೆ, ಎರಡು ಹೊತ್ತು ಹಾಲು ಬೇಡವೆಂದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿಯಾದರೆ, ಅಥವಾ ನಿನ್ನೆಗಿಂತ ಇಂದು ತೂಕ ಇಳಿದಿದ್ದರೆ ಅದೇ ದಿನ ಹೊರಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯೂ ಇವೆ, ಹತ್ತಿರದ ಖಾಸಗಿ ಚಿಕಿತ್ಸಾಲಯವಾದರೂ ಸರಿ. ದಾರಿಯಲ್ಲಿ ಮರಿ ಜೋತುಬಿದ್ದಿದ್ದರೆ ಗ್ಲೂಕೋಸ್ ಪುಡಿಯನ್ನು ಒಂದೆರಡು ಹನಿ ನೀರಿನಲ್ಲಿ ಕದಡಿ ವಸಡಿಗೆ ಸವರಿ, ಬಾಯಿಗೆ ಸುರಿಯಬೇಡಿ. ಆಟೋದಲ್ಲಿ ಗಾಳಿ ಬಡಿಯದಂತೆ ಬಿಸಿನೀರಿನ ಚೀಲದೊಂದಿಗೆ ಪೆಟ್ಟಿಗೆಯನ್ನು ಮುಚ್ಚಿಕೊಂಡು ಬನ್ನಿ.

ಮನೆಮದ್ದಿನ ವಿಷಯ. ಓಮದ ಮುಖ್ಯ ಸಾರ ಥೈಮಾಲ್, ಅದು ಫಿನಾಲ್ ಜಾತಿಯ ವಸ್ತು. ಇಂಥವನ್ನು ಒಡೆದು ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಬಹಳ ದುರ್ಬಲವಾಗಿದೆ. ನಮ್ಮ ಮಕ್ಕಳಿಗೆ ಹಿತವಾದದ್ದು ಬೆಕ್ಕಿನ ಮರಿಗೆ ವಿಷವಾಗಬಹುದು, ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುವುದಕ್ಕೂ ಇದೇ ದೌರ್ಬಲ್ಯ ಕಾರಣ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ಕರುಳಿನ ಚಲನೆಯನ್ನೇ ನಿಲ್ಲಿಸಿ ಸೋಂಕನ್ನು ಒಳಗೇ ಹಿಡಿದಿಡುತ್ತದೆ. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಸಿರಪ್ಪನ್ನು ಔಷಧದಂಗಡಿಯಿಂದ ತಂದು ಹಾಕುವ ಅಭ್ಯಾಸ ನಮ್ಮ ನಗರದಲ್ಲಿ ಹೆಚ್ಚಾಗಿದೆ. ಕಾರಣ ತಿಳಿಯದೆ ಅದನ್ನು ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ; ಭೇದಿಯಲ್ಲಿ ಕಳೆದುಹೋಗುವ ಉಪ್ಪನ್ನು ಅದು ತುಂಬಿಕೊಡುವುದಿಲ್ಲ. ನುಂಗುವ ಶಕ್ತಿಯಿರುವ ಮರಿಗೆ, ಇಡೀ ಪೊಟ್ಟಣವನ್ನು 1 ಲೀಟರ್ ನೀರಿಗೆ ಸರಿಯಾಗಿ ಕದಡಿದ ಓಆರ್‌ಎಸ್ ದ್ರಾವಣವನ್ನು ಎರಡು ಹಾಲಿನ ನಡುವೆ ಒಂದೆರಡು ಮಿ.ಲೀ. ಕೊಡಬಹುದು. ಅದು ಹಾಲಿಗೆ ಬದಲಿಯಲ್ಲ, ಆಸ್ಪತ್ರೆಗೂ ಬದಲಿಯಲ್ಲ.

ತುಳಸಿಕಟ್ಟೆ (ಮಲ್ಲೇಶ್ವರ):

ಓಮದ ವಿಷಯ ನನಗೆ ತಿಳಿದಿರಲಿಲ್ಲ. ವಿವರಿಸಿದ ವೈದ್ಯರಿಗೆ ಕೃತಜ್ಞತೆಗಳು. ಹಾಗಾದರೆ ಮಲ ಹೋಗದೆ ಹೊಟ್ಟೆ ಕಟ್ಟಿದ ಮರಿಗೆ ಹರಳೆಣ್ಣೆಯನ್ನೂ ಹಾಕಬಾರದೇ?

ಪಶುವೈದ್ಯೆ (ಸಂಜಯನಗರ):

ಬೇಡಮ್ಮ. ಮೂರು ವಾರದವರೆಗೆ ಮರಿ ತಾನಾಗಿ ಮಲಮೂತ್ರ ಮಾಡಲಾರದು, ತಾಯಿ ನೆಕ್ಕಿ ಮಾಡಿಸುತ್ತದೆ. ಪ್ರತಿ ಸಲ ಹಾಲು ಕೊಡುವ ಮುನ್ನ ಅಥವಾ ನಂತರ ಬೆಚ್ಚಗಿನ ಒದ್ದೆ ಹತ್ತಿಯಿಂದ ಆ ಭಾಗವನ್ನು ಮೃದುವಾಗಿ ಸವರಿದರೆ ಹೋಗುತ್ತದೆ. ಹಾಲಿನ ಪುಡಿಯನ್ನು ಗಟ್ಟಿಯಾಗಿ ಕದಡಿದಾಗಲೂ ಮಲ ಕಟ್ಟುತ್ತದೆ, ಅಳತೆ ಸರಿಪಡಿಸಿದರೆ ಸಾಕು. ಎರಡು ದಿನವಾದರೂ ಹೋಗದೆ ಹೊಟ್ಟೆ ಬಿಗಿಯಾದರೆ ಎಣ್ಣೆ ಹಾಕದೆ ತೋರಿಸಿ; ಹುಟ್ಟಿನಿಂದಲೇ ಗುದದ್ವಾರ ಮುಚ್ಚಿರುವ ಮರಿಗಳೂ ಅಪರೂಪಕ್ಕೆ ಬರುತ್ತವೆ.

ಕಾಮನಬಿಲ್ಲು (ವಿಜಯನಗರ):

ಎಲ್ಲರ ಉತ್ತರಗಳನ್ನು ಮನೆಯವರೆಲ್ಲ ಕುಳಿತು ಓದಿ, ಅಂದೇ ಅಳತೆಯನ್ನು ಬದಲಿಸಿದೆವು. ದೊಡ್ಡ ಎರಡು ಮರಿಗಳ ಮಲ ಈಗ ಆಕಾರ ಹಿಡಿದಿದೆ. ಬೂದು ಮರಿಯನ್ನು ಹತ್ತಿರದ ಚಿಕಿತ್ಸಾಲಯಕ್ಕೆ ಕರೆದೊಯ್ದೆವು. ಮಲಪರೀಕ್ಷೆಯಲ್ಲಿ ದುಂಡುಹುಳುವಿನ ಮೊಟ್ಟೆಗಳೂ ಕಾಕ್ಸಿಡಿಯಾವೂ ಕಂಡಿವೆ, ಪಾರ್ವೋ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಚರ್ಮದಡಿ ದ್ರವ ಕೊಟ್ಟು, ಎರಡಕ್ಕೂ ಬೇರೆ ಬೇರೆ ಔಷಧ ಬರೆದುಕೊಟ್ಟು, ಉಳಿದ ಎರಡು ಮರಿಗಳಿಗೂ ಹುಳುವಿನ ಔಷಧ ಹಾಕಿದರು. ಮರುದಿನ ಅದರ ಮಲದಲ್ಲಿ ಶಾವಿಗೆ ಎಳೆಯಷ್ಟು ಉದ್ದದ, ಸುರುಳಿ ಸುತ್ತಿಕೊಂಡ ಬಿಳಿ ಹುಳುಗಳು ಬಿದ್ದವು. ಇಷ್ಟು ಪುಟ್ಟ ಹೊಟ್ಟೆಯೊಳಗೆ ಅಷ್ಟೊಂದು ಇದ್ದವೆಂದು ನಂಬಲಾಗಲಿಲ್ಲ. ತೂಕ ಈಗ 280 ಗ್ರಾಂ ದಾಟಿದೆ.

ಹಲ್ಲುಗಳನ್ನು ನೋಡಿದೆ. ಕೋರೆಹಲ್ಲುಗಳು ಪೂರ್ತಿ ಬಂದಿವೆ, ದವಡೆಯಲ್ಲಿ ಒಂದೊಂದು ಮೊನೆ ಈಗಷ್ಟೇ ಬೆರಳಿಗೆ ತಾಗುತ್ತಿದೆ. ಗಟ್ಟಿ ಆಹಾರವನ್ನು ಶುರುಮಾಡಬಹುದೇ? ಮರಿಗಳಿರುವ ಕೋಣೆಯನ್ನು ಹೇಗೆ ಶುಚಿಗೊಳಿಸಬೇಕು? ನಮ್ಮ ಮನೆಯಲ್ಲಿ ನೆಲ ಒರೆಸಲು ಫಿನಾಯಿಲ್ ಬಳಸುತ್ತೇವೆ.

ಕೆಂಪುಹಂಚು (ಹನುಮಂತನಗರ):

ಫಿನಾಯಿಲನ್ನು ಆ ಕೋಣೆಯಲ್ಲಿ ಪೂರ್ತಿ ನಿಲ್ಲಿಸಿ. ಮರಿ ಒರೆಸಿದ ನೆಲದ ಮೇಲೆ ನಡೆದು, ನಂತರ ಪಾದವನ್ನು ನೆಕ್ಕಿಕೊಳ್ಳುತ್ತದೆ. ಕಾಕ್ಸಿಡಿಯಾದ ಮೊಟ್ಟೆಯಂಥ ಕೋಶಗಳಿಗೆ ಬ್ಲೀಚ್ ಕೂಡ ತಾಗುವುದಿಲ್ಲ, ಅವು ಬಗ್ಗುವುದು ಕುದಿಯುವ ನೀರಿಗೆ ಮತ್ತು ಹಬೆಗೆ. ಹೊರಬಿದ್ದ ಆ ಕೋಶಗಳು ಬಲಿತು ಸೋಂಕು ಹರಡುವಂತಾಗಲು ಕೆಲವು ಗಂಟೆಗಳಿಂದ ಒಂದೆರಡು ದಿನ ಬೇಕಾಗುವುದರಿಂದ, ಮಲವನ್ನು ಬಿದ್ದ ಕೂಡಲೇ ತೆಗೆಯುವುದೇ ದೊಡ್ಡ ಔಷಧ. ಮರಿಗಳು ಮಲಮೂತ್ರ ಮಾಡುವ ತಟ್ಟೆಯನ್ನು ಮೊದಲು ಸೋಪಿನಿಂದ ತೊಳೆದು ನಂತರ ಕುದಿಯುವ ನೀರು ಸುರಿಯಿರಿ. ಪಾರ್ವೋ ಅನುಮಾನವಿರುವ ಮನೆಗಳಲ್ಲಿ ಮಾತ್ರ, ಕೊಳೆ ತೊಳೆದ ಮೇಲೆ 1 ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ 10 ನಿಮಿಷ ಬಿಟ್ಟು ತೊಳೆಯಬೇಕು, ಮರಿಗಳನ್ನು ಆಗ ಬೇರೆ ಕೋಣೆಯಲ್ಲಿಟ್ಟಿರಬೇಕು. ಆ ತಟ್ಟೆಗೆ ನೀರು ತಾಗಿದರೆ ಗಟ್ಟಿಯಾಗುವ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಮರಳನ್ನು ಈಗಲೇ ಬಳಸಬೇಡಿ, ಈ ವಯಸ್ಸಿನ ಮರಿಗಳು ಅದನ್ನು ತಿಂದುಬಿಡುತ್ತವೆ. ಹರಿದ ಕನ್ನಡ ದಿನಪತ್ರಿಕೆಯೇ ಸಾಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮರಿಯನ್ನು ಮುಟ್ಟಿದ ಪ್ರತಿ ಸಲವೂ ಕೈ ತೊಳೆಸಿ, ಬೆಕ್ಕಿನ ದುಂಡುಹುಳು ಮನುಷ್ಯರಿಗೂ ತಗಲುತ್ತದೆ.

ಹಿತ್ತಲಗಿಡ (ಬಸವನಗುಡಿ):

ಹುಳುಗಳು ಬಿದ್ದು ತೂಕ ಏರುತ್ತಿರುವುದನ್ನು ಓದಿ ಬಹಳ ಸಂತೋಷವಾಯಿತು. ದವಡೆಯ ಹಲ್ಲು ತಾಗುತ್ತಿದೆಯೆಂದರೆ ಐದು ವಾರದ ಹತ್ತಿರ ಬಂದಿವೆ, ಗಟ್ಟಿ ಆಹಾರಕ್ಕೆ ಇದು ಸರಿಯಾದ ಹೊತ್ತು. ದೊಡ್ಡ ಎರಡಕ್ಕೆ ಈಗಲೇ ಆರಂಭಿಸಿ, ಬೂದು ಮರಿಗೆ ಔಷಧದ ಅವಧಿ ಮುಗಿದು ಮಲ ಗಟ್ಟಿಯಾಗುವವರೆಗೆ ಹಾಲಿನಲ್ಲಿಯೇ ಇರಲಿ. ಹೊಟ್ಟೆ ಕೆಟ್ಟಿರುವಾಗ ಹೊಸ ಆಹಾರವನ್ನು ಸೇರಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮರಿಗಳಿಗೆಂದೇ ಇರುವ ಮೆತ್ತನೆಯ ಆಹಾರವನ್ನು, ಈಗ ಕೊಡುತ್ತಿರುವ ಹಾಲಿನಲ್ಲಿಯೇ ಗಂಜಿಯ ಹದಕ್ಕೆ ಕಲಸಿ, ಬೆರಳ ತುದಿಯಿಂದ ತುಟಿಗೆ ಸವರಿ. ರುಚಿ ಹತ್ತಿದ ಮೇಲೆ ಅಂಚಿಲ್ಲದ ತಟ್ಟೆಯಲ್ಲಿ ಇಡಿ. ದಿನ ದಿನಕ್ಕೆ ಹಾಲನ್ನು ಕಡಿಮೆ ಮಾಡುತ್ತ ಒಂದು ವಾರದಲ್ಲಿ ಗಟ್ಟಿಗೆ ಬನ್ನಿ. ಹಾಲಿನಿಂದ ಆಹಾರಕ್ಕೆ ಬರುವ ಈ ವಾರದಲ್ಲಿ ಮಲ ಸ್ವಲ್ಪ ಮೆತ್ತಗಾಗುವುದುಂಟು. ಮರಿ ಚುರುಕಾಗಿದ್ದು, ದಿನಕ್ಕೆ 10ರಿಂದ 15 ಗ್ರಾಂ ತೂಕ ಏರುತ್ತಿದ್ದರೆ ಗಾಬರಿಯಾಗಬೇಡಿ, ಹಿಂದಿನ ದಿನದ ಅಳತೆಗೆ ಮರಳಿ ಒಂದು ದಿನ ನಿಲ್ಲಿ. ತೂಕವನ್ನು ಪ್ರತಿದಿನ ಒಂದೇ ಹೊತ್ತಿನಲ್ಲಿ, ಹಾಲು ಕೊಡುವ ಮೊದಲು ತೂಗಿ ಬರೆದಿಡಿ. ಮಲ ಚೆನ್ನಾಗಿ ಕಂಡರೂ ತೂಕ ಏರದಿದ್ದರೆ ನಾನು ಆ ಮರಿಯನ್ನು ವೈದ್ಯರಿಗೆ ತೋರಿಸುತ್ತೇನೆ.

ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ ನುಣ್ಣಗೆ ಹಿಸುಕಿದ ಕೋಳಿಮಾಂಸವನ್ನು ಸ್ವಲ್ಪ ಬೆರೆಸಬಹುದು. ಮನೆಯ ಸಾರಿನಿಂದ ತೆಗೆದ ತುಂಡನ್ನು ತೊಳೆದು ಕೊಡುವುದು ಬೇಡ, ಈರುಳ್ಳಿಯ ಅಂಶ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ವಾರಗಟ್ಟಲೆ ಬರೀ ಬೇಯಿಸಿದ ಕೋಳಿಯಲ್ಲಿಯೇ ಬೆಳೆಸಿದರೆ ಸುಣ್ಣದ ಅಂಶ ಸಾಲದೆ ಮೂಳೆಗಳು ಮೆತ್ತಗಾಗಿ ಬಾಗುತ್ತವೆ. ನೀರಿನ ಬಟ್ಟಲನ್ನು ಈಗಿನಿಂದಲೇ ಇಡಿ. ಮಗುವಿನ ಡಬ್ಬಿಯ ಆಹಾರ, ಬಿಸ್ಕತ್ತು, ನಾಯಿಯ ಆಹಾರ ಇವು ಯಾವುವೂ ಬೇಡ.

ಕಾಮನಬಿಲ್ಲು (ವಿಜಯನಗರ):

ಅನಂತ ಧನ್ಯವಾದಗಳು. ಕೊನೆಯದಾಗಿ, ಲಸಿಕೆಯನ್ನು ಯಾವಾಗ ಹಾಕಿಸಬೇಕು? ನನ್ನ ತಂಗಿಯ ಮನೆಯಲ್ಲಿ ಒಂದು ದೊಡ್ಡ ಬೆಕ್ಕಿದೆ, ಬೂದು ಮರಿಯನ್ನು ಅವಳು ಕೇಳುತ್ತಿದ್ದಾಳೆ.

ಪಶುವೈದ್ಯೆ (ಸಂಜಯನಗರ):

ಪ್ಯಾನ್‌ಲ್ಯೂಕೋಪೀನಿಯಾ ಸೇರಿದ ಲಸಿಕೆಯನ್ನು ಸಾಮಾನ್ಯವಾಗಿ ಎಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಮರುಕಳಿಸಿ, ಕೊನೆಯದು ಹದಿನಾರು ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ತಾಯಿಯಿಂದ ಬಂದ ರಕ್ಷಣೆ ಅಲ್ಲಿಯವರೆಗೆ ಲಸಿಕೆಯ ಕೆಲಸಕ್ಕೆ ಅಡ್ಡಿಯಾಗಬಹುದು. ರೇಬಿಸ್ ಲಸಿಕೆ ಹನ್ನೆರಡು ವಾರಕ್ಕೆ. ಭೇದಿಯಾಗುತ್ತಿರುವ ದಿನ ಲಸಿಕೆ ಹಾಕಿಸಬೇಡಿ.

ಬೂದು ಮರಿಯನ್ನು ಈಗಲೇ ಕಳುಹಿಸಬೇಡಿ. ಕಾಕ್ಸಿಡಿಯಾದ ಔಷಧ ಮುಗಿದು ಒಂದೆರಡು ವಾರದ ನಂತರ ಮತ್ತೊಮ್ಮೆ ಮಲಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಬಂದು, ಲಸಿಕೆಯ ಎರಡು ಸುತ್ತಾದರೂ ಮುಗಿದ ಮೇಲೆ ಕೊಡಬಹುದು. ನಿಮ್ಮ ತಂಗಿಯವರ ಬೆಕ್ಕಿಗೆ ಲಸಿಕೆ ಆಗಿದೆಯೇ ಎಂಬುದನ್ನು ಇಂದೇ ಕೇಳಿ. ಆಗಿಲ್ಲದಿದ್ದರೆ ಮರಿ ಹೋಗುವುದಕ್ಕೆ ಮೊದಲೇ ಅದಕ್ಕೂ ಹಾಕಿಸಿ, ಹುಳುವಿನ ಔಷಧವನ್ನೂ ಕೊಡಿಸಿ. ಅಲ್ಲಿಗೆ ಹೋದ ಮೇಲೂ ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ ಇರಲಿ, ಮತ್ತು ನೀವು ಈಗ ಕೊಡುತ್ತಿರುವ ಆಹಾರವನ್ನೇ ಮೊದಲ ವಾರಕ್ಕಾಗುವಷ್ಟು ಜೊತೆಗೆ ಕಳುಹಿಸಿಕೊಡಿ.